ಭೀಮಾ ಹೊಳೆ ಪಾತ್ರದಲ್ಲಿ ಎದ್ದಿರುವ ಈ ನೇರಳೆ ಹೂವಿನ ಗಿಡ ಯಾವುದು? ನಾಯಿ ತುಳಸಿನಾ, ಕಾಡು ಚಿಯಾನಾ?

ಭೀಮಾತೀರದವ
ಯಾದಗಿರಿ ಹತ್ತಿರ ಭೀಮಾ ಹೊಳೆಯಲ್ಲಿ ನೀರು ಇಳಿದು ಮೆಕ್ಕಲು ಮಣ್ಣು ತೆರೆದುಕೊಂಡಿದೆ. ಅದರ ಮೇಲೆ ಒಂದು ಗಿಡ ಗುಂಪು ಗುಂಪಾಗಿ ಎದ್ದಿದೆ. ಹೆಚ್ಚಿನವು ಮೊಳಕಾಲೆತ್ತರ, ಕೆಲವು ಸೊಂಟದ ತನಕ. ಕಾಂಡ ಹಿಡಿದರೆ ನಾಲ್ಕು ಮೂಲೆ ಬೆರಳಿಗೆ ಸಿಗುತ್ತವೆ, ಮೈತುಂಬ ಸಣ್ಣ ಕೂದಲು. ಎಲೆ ಸುಕ್ಕು ಸುಕ್ಕು, ಅಂಚು ಗರಗಸ. ತುದಿಯಲ್ಲಿ ಕವಲೊಡೆದ ಗೊಂಚಲು, ಅದರಲ್ಲಿ ತೀರಾ ಚಿಕ್ಕ ಹೂ, ತಿಳಿ ನೇರಳೆ. ಮೊಬೈಲ್ ಎಷ್ಟು ಹತ್ತಿರ ಹಿಡಿದರೂ ಹೂವಿನ ಫೋಟೋ ಸರಿಯಾಗಿ ಬರುತ್ತಿಲ್ಲ.

ದನ ಮೇಯಿಸುವವರನ್ನು ಕೇಳಿದರೆ "ಅದು ಕಸ ರೀ" ಅಂದರು. ನಮ್ಮ ಚಿಕ್ಕಪ್ಪ ನಾಯಿ ತುಳಸಿ ಅಂತಾರೆ. ಬೀಜ ಕೊಳ್ಳುವ ಒಬ್ಬ ವ್ಯಾಪಾರಿ ಮಾತ್ರ ಇದು ಕಾಡು ಚಿಯಾ, ಬೀಜ ಕೂಡಿಸಿ ಕೊಡಿ, ಒಳ್ಳೆ ರೇಟು ಕೊಡ್ತೀನಿ ಅಂತ ಊರ ಹುಡುಗರಿಗೆ ಆಸೆ ಹಚ್ಚಿದ್ದಾನೆ. ಯಾರ ಮಾತು ನಂಬೋದು? ಇನ್ನೊಂದು ಪ್ರಶ್ನೆ, ಇದನ್ನು ಕಿತ್ತು ತಂದು ಮನೆ ಕುಂಡದಲ್ಲಿ ಬೆಳೆಸಬಹುದಾ? ಹೂ ಚಿಕ್ಕದಾದರೂ ಚೆಂದ ಇದೆ.

ತೊಗರಿ ಕಣಜ
ನಾಯಿ ತುಳಸಿನೇ. ಜೇವರ್ಗಿ ರಸ್ತೆಯ ಎರಡೂ ಪಕ್ಕ ಇದೇ ಗಿಡ. ಚಿಕ್ಕಪ್ಪ ಗೆದ್ದರು, ಮಾತು ಮುಗೀತು.

ಗಿಡದ ಮೇಷ್ಟ್ರು
ಮುಗಿದಿಲ್ಲ, ನಿಲ್ಲಿ. ರಸ್ತೆ ಪಕ್ಕ ನೀವು ನೋಡುವ ನಾಯಿ ತುಳಸಿ ಅಂದರೆ ಹಿಪ್ಟಿಸ್. ಅದು ಅಮೆರಿಕದ ಉಷ್ಣವಲಯದಿಂದ ಬಂದು ಇಲ್ಲಿ ಬೀಡುಬಿಟ್ಟ ಕಳೆ. ಎಲೆ ಹಿಸುಕಿದರೆ ಮೂಗಿಗೆ ಹೊಡೆಯುವ ವಾಸನೆ ಬರುತ್ತದೆ, ಹೂ ಒಣಗಿದ ಮೇಲೆ ಅದರ ಬಟ್ಟಲಿನ ತುದಿ ಚುಚ್ಚುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೂ ಬಿಡುತ್ತದೆ, ಈಗ ಫೆಬ್ರವರಿಯಲ್ಲಿ ಅದು ಒಣಗಿ ಕಡ್ಡಿ ಆಗಿರುತ್ತದೆ. ನಿಮ್ಮ ಫೋಟೋದ ಗಿಡ ಈಗ ಹಸಿರಾಗಿ ಹೂ ಬಿಡುತ್ತಿದೆ, ಅದೂ ಹೊಳೆ ಪಾತ್ರದಲ್ಲಿ.

ನನ್ನ ಪ್ರಕಾರ ಇದು ಸಾಲ್ವಿಯಾ ಪ್ಲೆಬಿಯಾ. ಸೇಜ್ ಅಂತಾರಲ್ಲ, ಆ ಕುಲದ ಕಾಡು ಗಿಡ. ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞ 1810ರಲ್ಲಿ ಇದನ್ನು ವಿವರಿಸಿ ಹೆಸರಿಟ್ಟ. ಖಚಿತ ಆಗಬೇಕಾದರೆ ಒಂದು ಹೂ ಬಿಡಿಸಿ ಭೂತಗನ್ನಡಿಯಲ್ಲಿ ಕೇಸರ ಎಣಿಸಿ. ಹಿಪ್ಟಿಸ್, ತುಳಸಿ, ತುಂಬೆ ಎಲ್ಲಕ್ಕೂ ನಾಲ್ಕು. ಸಾಲ್ವಿಯಾಗೆ ಎರಡೇ.

ರೊಟ್ಟಿ ಪುಂಡಿಪಲ್ಲೆ
ಸಾಲ್ವಿಯಾ ಅಂದರೆ ಪಾರ್ಕಿನಲ್ಲಿ ಸಾಲಾಗಿ ಹಚ್ಚುತ್ತಾರಲ್ಲ, ಕೆಂಪು ಹೂ, ಅದು ಅಲ್ವಾ? ನಾವು ಚಿಕ್ಕವರಿದ್ದಾಗ ಹೂ ಕಿತ್ತು ಬುಡದಲ್ಲಿ ಸಿಹಿ ಹೀರುತ್ತಿದ್ದೆವು. ಅದಕ್ಕೂ ಈ ಕಸಕ್ಕೂ ಎಲ್ಲಿಂದೆಲ್ಲಿ ಸಂಬಂಧ?

ಗಿಡದ ಮೇಷ್ಟ್ರು
ಅದು ಸಾಲ್ವಿಯಾ ಸ್ಪ್ಲೆಂಡೆನ್ಸ್, ಬ್ರೆಜಿಲ್ ಮೂಲದ್ದು. ಈ ಕುಲದಲ್ಲಿ ಸುಮಾರು 1000 ಜಾತಿಗಳಿವೆ, ಪುದೀನ ಕುಟುಂಬದಲ್ಲಿ ಇದಕ್ಕಿಂತ ದೊಡ್ಡ ಕುಲ ಇಲ್ಲ. ಅಡುಗೆಗೆ ಬಳಸುವ ಸೇಜ್ ಮೆಡಿಟರೇನಿಯನ್ ಕಡೆಯದು. ಚಿಯಾ ಮೆಕ್ಸಿಕೋ, ಗ್ವಾಟೆಮಾಲಾ ಕಡೆಯದು. 2017ರಿಂದ ರೋಸ್‌ಮೇರಿಯನ್ನೂ ಇದೇ ಕುಲಕ್ಕೆ ಸೇರಿಸಿದ್ದಾರೆ. ಅವುಗಳಲ್ಲಿ ಹೂವಿನ ಅಂದಕ್ಕೆ ಮಾರ್ಕು ಕೊಟ್ಟರೆ ನಮ್ಮ ಭೀಮಾದ್ದು ಫೇಲು. ಐದು ಮಿಲಿಮೀಟರ್ ಉದ್ದ ಕೂಡ ಇರಲ್ಲ.

ಕಾಗಿಣಾ ಕಾಗೆ
ರೋಸ್‌ಮೇರಿ ಸಾಲ್ವಿಯಾ ಆಯ್ತಾ? ಕಲಬುರಗಿಯಲ್ಲಿ ಎರಡು ಸಲ ತಂದು ನೆಟ್ಟೆ, ಏಪ್ರಿಲ್ ಬಿಸಿಲಿಗೆ ಎರಡೂ ಸಲ ಸುಟ್ಟು ಹೋಯಿತು. ಈ ಕಾಡು ಸಾಲ್ವಿಯಾ ನಮ್ಮ ಬಿಸಿಲು ತಡೆಯುತ್ತೆ ಅಂದರೆ ನನಗೂ ಒಂದು ಬೇಕು.

ಗಿಡದ ಮೇಷ್ಟ್ರು
ಬಿಸಿಲು ತಡೆಯೋದೇ ಇಲ್ಲ, ಬಿಸಿಲು ಬರುವ ಮೊದಲೇ ಕೆಲಸ ಮುಗಿಸುತ್ತದೆ. ಅಕ್ಟೋಬರ್–ನವೆಂಬರಿನಲ್ಲಿ ನೀರು ಇಳಿದಾಗ ಹಸಿ ಮಣ್ಣಲ್ಲಿ ಮೊಳೆಯುತ್ತದೆ. ಡಿಸೆಂಬರ್ ತನಕ ಎಲೆಗಳನ್ನು ನೆಲಕ್ಕೆ ಒತ್ತಿ ಸುತ್ತ ಹರಡಿಕೊಂಡು ಕೂತಿರುತ್ತದೆ. ಆಗ ನೋಡಿದರೆ ಎಳೆ ಮೂಲಂಗಿ ಅಂದುಕೊಳ್ಳುತ್ತೀರಿ. ಜನವರಿ ಆದಮೇಲೆ ಕಾಂಡ ಎದ್ದು ಹೂ, ಆಮೇಲೆ ಬೀಜ. ನಮ್ಮಲ್ಲಿ 42 ಡಿಗ್ರಿ ದಾಟುವ ಹೊತ್ತಿಗೆ ಗಿಡ ಸತ್ತಿರುತ್ತದೆ, ಬೀಜ ಮಣ್ಣಲ್ಲಿರುತ್ತದೆ.

ಭೀಮಾತೀರದವ
ಎಣಿಸಿದೆ. ಮಗಳ ಶಾಲೆಯ ಭೂತಗನ್ನಡಿ, ಸೂಜಿ ಎರಡೂ ಬೇಕಾಯಿತು. ಕೇಸರ ಎರಡೇ ಇವೆ. ಹೂವಿನ ಬುಡದ ಹಸಿರು ಬಟ್ಟಲು ಎರಡು ತುಟಿಯಾಗಿ ಸೀಳಿದೆ, ಚುಚ್ಚುವುದಿಲ್ಲ. ವಾಸನೆ ಇದೆ, ಆದರೆ ಜೋರಿಲ್ಲ. ಚಿಕ್ಕಪ್ಪನಿಗೆ ಹೇಳಿದೆ, ಒಪ್ಪುತ್ತಿಲ್ಲ.

ತೊಗರಿ ಕಣಜ
ಚಿಕ್ಕಪ್ಪ ಯಾಕೆ ಒಪ್ಪಬೇಕು? ಎರಡು ಕೇಸರವೋ ನಾಲ್ಕೋ, ರೈತನಿಗೆ ಎರಡೂ ಕಳೆನೇ.

ಜಂಬಿಟ್ಟಿಗೆ
ಬೀದರ್‌ನಿಂದ ಒಂದು ಮಾತು. ನಮ್ಮ ಊರು ಇರೋದೇ ಜಂಬಿಟ್ಟಿಗೆ ಕಲ್ಲಿನ ಮೇಲೆ. ಕೋಟೆ ಕಂದಕವನ್ನು ಅದೇ ಕಲ್ಲಲ್ಲಿ ಕೊರೆದಿದ್ದಾರೆ. ಹೊನ್ನಿಕೇರಿ ಕಾಡಿನ ಕಡೆ ಸುತ್ತಾಡುವಾಗ ಈ ಗಿಡ ಕಂಡಿಲ್ಲ. ಅಲ್ಲಿ ನೀರು ನಿಲ್ಲಲ್ಲ, ಇಂಗಿ ಹೋಗುತ್ತದೆ. ಆದರೆ ಗುಡ್ಡ ಇಳಿದು ಕಾರಂಜಾ ಜಲಾಶಯದ ಹಿನ್ನೀರಿಗೆ ಹೋದರೆ ಅಂಚಿನಲ್ಲಿ ಇದೆ. ಮಾಂಜ್ರಾ ದಂಡೆಯಲ್ಲೂ ಇದೆ. ಹಾಗಾಗಿ ಇದನ್ನು ಕಾಡಿನ ಗಿಡ ಅನ್ನೋದು ನನಗೆ ಸರಿ ಕಾಣಲ್ಲ. ನೀರು ಬಿಟ್ಟುಹೋದ ಜಾಗದ ಗಿಡ.

ಚಂದ್ರಂಪಳ್ಳಿ
ಜಂಬಿಟ್ಟಿಗೆ ಅವರ ಮಾತು ನಿಜ. ಚಿಂಚೋಳಿ ವನ್ಯಧಾಮ 134.88 ಚದರ ಕಿಲೋಮೀಟರ್ ಇದೆ, 2011ರಲ್ಲಿ ಘೋಷಣೆ ಆಗಿದ್ದು. ಕಾಡೊಳಗೆ ದಾರಿ ಪಕ್ಕ ಸಿಗೋದೆಲ್ಲ ಹಿಪ್ಟಿಸ್. ಚಂದ್ರಂಪಳ್ಳಿ ಕೆರೆಯ ನೀರು ಹಿಂದೆ ಸರಿದ ಅಂಚಿನಲ್ಲಿ ಮಾತ್ರ ಪೋಸ್ಟಿನಲ್ಲಿರುವ ಗಿಡ ಸಿಕ್ಕಿತು. ಅದರ ಜೊತೆ ಏನು ಬೆಳೆದಿತ್ತು ಗೊತ್ತಾ? ಜೇಕು, ನೆಲಹಿಪ್ಪಲಿ, ನೆಲಕ್ಕೆ ಅಂಟಿಕೊಂಡ ಕೋಲ್ಡೇನಿಯಾ, ಹಳದಿ ಗುಂಡಿಯ ಗ್ರ್ಯಾಂಜಿಯಾ. ಇವೆಲ್ಲ ಒಟ್ಟಿಗೆ ಬರುವ ಬಳಗ. ಒಂದು ಕಂಡರೆ ಉಳಿದವನ್ನು ಹುಡುಕಬಹುದು.

ಹೊಳೆ ಕಲ್ಲಂಗಡಿ
ಎರೆ ಹೊಲದಲ್ಲಿ ಬರಲ್ವಾ? ನಮ್ಮ ಹೊಲದ ಬದುವಿನಲ್ಲಿ, ಕಾಲುವೆ ನೀರು ಸೋರುವ ಕಡೆ ಇಂಥದ್ದೇ ಒಂದು ಇದೆ.

ಚಂದ್ರಂಪಳ್ಳಿ
ಬರುತ್ತೆ. ಕಾಲುವೆ ಸೋರುವ ಕಡೆ, ಚಳಿಗಾಲದಲ್ಲಿ ನೀರು ಹಾಯಿಸುವ ಗದ್ದೆಯಲ್ಲಿ, ಹಳ್ಳದ ಪಕ್ಕ, ಎಲ್ಲಾ ಕಡೆ. ಅಫ್ಘಾನಿಸ್ತಾನದಿಂದ ಹಿಡಿದು ಚೀನಾ, ಕೊರಿಯಾ, ಜಪಾನ್, ಆಸ್ಟ್ರೇಲಿಯಾ ತನಕ ಈ ಗಿಡ ಇದೆ. ನಮ್ಮ ಒಣ ತೊಗರಿ ಹೊಲದ ನಡುವೆ ಮಾತ್ರ ಸಿಗೋದು ಕಷ್ಟ. ಬೇರಿಗೆ ಆ ನಾಲ್ಕು ತಿಂಗಳು ತೇವ ಬೇಕೇ ಬೇಕು.

ಸುಮ್ನೆ ಕೇಳ್ದೆ
ಜಪಾನಿನಲ್ಲೂ ಇದೆ, ಆಸ್ಟ್ರೇಲಿಯಾದಲ್ಲೂ ಇದೆ, ಕಾಲುವೆಯಲ್ಲೂ ಇದೆ. ಅಪರೂಪವೂ ಅಲ್ಲ, ಉಪಯೋಗವೂ ಇಲ್ಲ. ಇಷ್ಟು ಜನ ಕೂತು ಇದರ ಬಗ್ಗೆ ಯಾಕೆ ಮಾತಾಡ್ತಾ ಇದ್ದೀವಿ ಅಂತ ಸುಮ್ನೆ ಕೇಳಿದೆ.

ರೊಟ್ಟಿ ಪುಂಡಿಪಲ್ಲೆ
ನೀವು ಸುಮ್ನೆ ಕೇಳಲ್ಲ ಮಾರಾಯ್ರೆ, ಪ್ರತಿ ಪೋಸ್ಟಿಗೂ ಕಡ್ಡಿ ಆಡಿಸೋಕೆ ಬರ್ತೀರಿ. ಹೋದ ತಿಂಗಳು ಕಮಲಾಪುರದ ಕೆಂಪು ಬಾಳೆ ಪೋಸ್ಟಿಗೂ ಹೀಗೇ ಬಂದಿದ್ದಿರಿ.

ಸುಮ್ನೆ ಕೇಳ್ದೆ
ಬಾಳೆಹಣ್ಣು ತಿನ್ನಬಹುದು. ಅಲ್ಲಿ ನಾನು ಕೇಳಿದ್ದು ಬೆಲೆ.

ಮಾಲಿ ಅಕ್ಕ
ಬೀಜದ ವ್ಯಾಪಾರಿ ವಿಷಯಕ್ಕೆ ಬನ್ನಿ, ಅದೇ ಮುಖ್ಯ. ನಾನು ಮೈಸೂರು ಕಡೆ ಚಿಯಾ ಬೆಳೆಯುವವರ ಹೊಲ ನೋಡಿ ಬಂದಿದ್ದೇನೆ. ಎಚ್.ಡಿ. ಕೋಟೆ ಸುತ್ತ ಬೆಳೆಯುತ್ತಾರೆ, ಅಲ್ಲಿ ಆ ಬೆಳೆ ಹಬ್ಬಿದ್ದರಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೈ ಇದೆ. ಚಿಯಾ ಕಾಳು ಸುಮಾರು ಎರಡು ಮಿಲಿಮೀಟರ್ ಉದ್ದ, ಬೂದು ಬಣ್ಣದ ಮೇಲೆ ಚಿತ್ತಾರ ಇರುತ್ತದೆ. ಈ ಹೊಳೆ ಗಿಡದ ಬೀಜ ಅರ್ಧ ಮಿಲಿಮೀಟರ್ ಆಸುಪಾಸು. ಒಂದು ಕಿಲೋ ಆಗಬೇಕಾದರೆ ಎಷ್ಟು ಗಿಡ ಬೇಕು ಲೆಕ್ಕ ಹಾಕಿ. ಹುಡುಗರು ಇಡೀ ದಂಡೆ ಬೋಳು ಮಾಡಿದರೂ ಚೀಲ ತುಂಬಲ್ಲ.

ಬೀಜ ನೀರಿಗೆ ಹಾಕಿದರೆ ಲೋಳೆ ಬಿಡುತ್ತದೆ, ನಿಜ. ಆದರೆ ಹಿಪ್ಟಿಸ್ ಬೀಜವೂ ಲೋಳೆ ಬಿಡುತ್ತದೆ. ಫಾಲೂದಾಕ್ಕೆ ಹಾಕುವ ಸಬ್ಜಾ, ಅಂದರೆ ಕಾಮಕಸ್ತೂರಿ ಬೀಜವೂ ಬಿಡುತ್ತದೆ. ಲೋಳೆ ನೋಡಿ ಚಿಯಾ ಅಂದರೆ ಯಾರು ಬೇಕಾದರೂ ಮೋಸ ಹೋಗಬಹುದು. ಆ ಬೀಜ ಕೊನೆಗೆ ಯಾವ ಪ್ಯಾಕೆಟ್ಟಿಗೆ ಬೆರಕೆ ಆಗುತ್ತದೋ ಅನ್ನೋದು ನನ್ನ ಚಿಂತೆ.

ಹೊಳೆ ಕಲ್ಲಂಗಡಿ
ಅಕ್ಕಾ, ಹಾಗಾದರೆ ನಿಜವಾದ ಚಿಯಾ ನಮ್ಮ ಕಡೆ ಬೆಳೆಯಬಹುದಾ? ತೊಗರಿಗೆ ರೇಟು ಸಿಗದ ವರ್ಷ ಏನಾದರೂ ಬೇಕಲ್ಲ.

ಮಾಲಿ ಅಕ್ಕ
ಬೆಳೆಯಬಹುದು, ಆದರೆ ಬಿತ್ತುವ ಹೊತ್ತು ನೋಡಬೇಕು. ಚಿಯಾ ಹೂ ಬಿಡೋದು ಹಗಲು ಸಣ್ಣ ಆದಾಗ. ಬೇಸಿಗೆಯಲ್ಲಿ ಬಿತ್ತಿದರೆ ಗಿಡ ಎತ್ತರಕ್ಕೆ ಹೋಗುತ್ತದೆ, ಹೂವಿಗೆ ಕಾಯಬೇಕು. ಎರೆ ಮಣ್ಣಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ. ಮೊದಲು ಕೊಳ್ಳುವವರು ಯಾರು ಅಂತ ಖಾತ್ರಿ ಮಾಡಿಕೊಳ್ಳಿ, ಆಮೇಲೆ ಒಂದು ಮೂಲೆಯಲ್ಲಿ ಹಾಕಿ ನೋಡಿ. ಎರಡು ಎಕರೆ ಒಮ್ಮೆಲೇ ಹಾಕಬೇಡಿ.

ತೊಗರಿ ಕಣಜ
ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಬಂತು, ರೇಟು ಮಾತ್ರ ಬರಲಿಲ್ಲ. ಚಿಯಾ ಬಿತ್ತಿದರೆ ಅದೂ ಇದೇ ಕಥೆ.

ಕಾಗಿಣಾ ಕಾಗೆ
ತೊಗರಿ ರೇಟಿನ ಪೋಸ್ಟು ಬೇರೆ ಇದೆ, ಅಲ್ಲಿ ಹೋಗಿ ಹೊಡೆದಾಡಿ ದಯವಿಟ್ಟು.

ದವಾಖಾನೆ ಡ್ಯೂಟಿ
ಎಲೆ ತಿನ್ನುವ ವಿಚಾರ ಯಾರೂ ಎತ್ತಿಲ್ಲ, ಎತ್ತುವ ಮೊದಲೇ ಹೇಳುತ್ತೇನೆ. ಕೊರಿಯಾದಲ್ಲಿ ಇದರ ಎಳೆ ಎಲೆ ತಿನ್ನುತ್ತಾರೆ, ಚೀನಾದಲ್ಲಿ ಕೆಮ್ಮು, ಗಂಟಲು ನೋವಿಗೆ ಮನೆಮದ್ದು ಮಾಡುತ್ತಾರೆ. ಇದನ್ನು ಓದಿ ನಾಳೆ ಯಾರೋ ವಾಟ್ಸಾಪಿನಲ್ಲಿ "ಭೀಮಾ ತೀರದ ಸಂಜೀವಿನಿ" ಅಂತ ಹರಿಬಿಡುತ್ತಾರೆ. ದಯವಿಟ್ಟು ಬೇಡ. ಅಲ್ಲಿ ಬೆಳೆಸಿದ್ದು ಬೇರೆ, ನಮ್ಮ ಹೊಳೆ ಪಾತ್ರದಲ್ಲಿ ಎದ್ದದ್ದು ಬೇರೆ. ಹತ್ತಿ, ತೊಗರಿ, ಮೆಣಸಿನಕಾಯಿ ಹೊಲಕ್ಕೆ ಹೊಡೆದ ಔಷಧಿ, ಊರಿನ ಚರಂಡಿ, ಎಲ್ಲಾ ಹರಿದು ಬಂದು ಆ ಮೆಕ್ಕಲಿನಲ್ಲೇ ಕೂರುತ್ತದೆ. ಶುಗರ್, ಬಿಪಿ ಮಾತ್ರೆ ನಿಲ್ಲಿಸಿ ಕಷಾಯ ಕುಡಿದು ಬರುವವರನ್ನು ನೋಡಿ ನೋಡಿ ಸಾಕಾಗಿದೆ.

ರೊಟ್ಟಿ ಪುಂಡಿಪಲ್ಲೆ
ತಡವಾಯಿತು ಡಾಕ್ಟ್ರೇ, ನಮ್ಮ ಅತ್ತೆ ಆಗಲೇ ನನ್ನ ಫೋನ್ ಇಣುಕಿ "ಕೆಮ್ಮಿಗೆ ಒಳ್ಳೇದಂತಾ?" ಅಂದರು.

ಗಿಡದ ಮೇಷ್ಟ್ರು
ಮದ್ದು ಬಿಡಿ, ಇದರ ಕುಲದ ಹೂವಿನ ಒಳಗಿನ ಕೆಲಸ ನೋಡಿ. ದೊಡ್ಡ ಹೂವಿನ ಸಾಲ್ವಿಯಾಗಳಲ್ಲಿ ಎರಡು ಕೇಸರಗಳೂ ಬಾವಿಯ ಏತದ ಹಾಗೆ ಜೋಡಣೆಯಾಗಿರುತ್ತವೆ. ಜೇನುಹುಳ ಮಕರಂದಕ್ಕೆ ತಲೆ ತೂರಿಸಿದಾಗ ಒಳಗಿನ ಗಿಡ್ಡ ತುದಿಯನ್ನು ತಳ್ಳುತ್ತದೆ, ಹೊರಗಿನ ಉದ್ದ ತುದಿ ಕೆಳಗೆ ಬಾಗಿ ಅದರ ಬೆನ್ನಿಗೆ ಪರಾಗ ಒರೆಸುತ್ತದೆ. ಹುಳ ಹಿಂದೆ ಸರಿದರೆ ಮತ್ತೆ ಮೇಲೆ. ಜರ್ಮನಿಯ ಸಸ್ಯಶಾಸ್ತ್ರಜ್ಞ ಸ್ಪ್ರೆಂಗೆಲ್ 1793ರಲ್ಲೇ ಇದನ್ನು ಬರೆದಿದ್ದ. ಆಗ ಅವನ ಮಾತನ್ನು ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ, ಆಮೇಲೆ ಡಾರ್ವಿನ್ ಅವನ ಕೆಲಸ ಮೆಚ್ಚಿದ. ಮನೆ ಹತ್ತಿರ ಪಾರ್ಕಿನ ಯಾವುದಾದರೂ ನೀಲಿ ಸಾಲ್ವಿಯಾ ಸಿಕ್ಕರೆ ಒಂದು ಕಡ್ಡಿ ಮೆಲ್ಲಗೆ ತೂರಿಸಿ ನೋಡಿ, ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆ ಆಟ ಇಲ್ಲ. ಪ್ಲೆಬಿಯಾ ಹೂವಿನಲ್ಲಿ ಮಾತ್ರ ಪ್ರಯತ್ನಿಸಬೇಡಿ, ಕಡ್ಡಿಯೇ ಹೂವಿಗಿಂತ ದಪ್ಪ.

ಭೀಮಾತೀರದವ
ಮಗಳು ಇದನ್ನು ಓದಿ ಈಗಲೇ ಪಾರ್ಕಿಗೆ ಹೋಗೋಣ ಅಂತಿದ್ದಾಳೆ. ರಾತ್ರಿ ಒಂಬತ್ತೂವರೆ.

ಕಾಗಿಣಾ ಕಾಗೆ
ಮೇಲೆ "ಯಾಕೆ ಮಾತಾಡ್ತೀರಿ" ಅಂದವರಿಗೆ ನನ್ನ ಉತ್ತರ. ಗಿಡ ಅಪರೂಪ ಅಲ್ಲ, ಒಪ್ಪಿದೆ. ಆದರೆ ಅದು ನಿಲ್ಲುವ ನೆಲ ಕಡಿಮೆ ಆಗುತ್ತಿದೆ. ನಾನು ಮಳಖೇಡ ಸುತ್ತ ಕಾಗಿಣಾ ದಂಡೆ ನೋಡುತ್ತಾ ಬೆಳೆದವನು. ಕೋಟೆ ಕೆಳಗೆ ಹೊಳೆ ತಿರುವಿನಲ್ಲಿ ಚಳಿಗಾಲಕ್ಕೆ ಅಗಲವಾದ ಮೆಕ್ಕಲು ಹಾಸು ಬೀಳುತ್ತಿತ್ತು. ಈಗ ಅರ್ಧ ಜಾಗ ಮರಳು ಎತ್ತಿ ಗುಂಡಿ. ಗುಂಡಿಯಲ್ಲಿ ನೀರು ನಿಂತು ಪಾಚಿ. ಉಳಿದ ಅರ್ಧ ಬಳ್ಳಾರಿ ಜಾಲಿ. ಜಾಲಿ ಒಮ್ಮೆ ಹತ್ತಿದರೆ ಅದರ ಕೆಳಗೆ ಇಂಥ ಸಣ್ಣ ಗಿಡ ಮೊಳೆಯುವುದಿಲ್ಲ, ಬಿಸಿಲೇ ಬೀಳಲ್ಲ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಸುಣ್ಣದ ಕಲ್ಲಿನ ಪುಡಿ ಬೇರೆ.

ಹೊಳೆ ಕಲ್ಲಂಗಡಿ
ಮುಂದೆ ಏನು ಬರುತ್ತೆ ಗೊತ್ತು. ಹೊಳೆ ಪಾತ್ರದಲ್ಲಿ ಉಳುವವರು ಕಾರಣ ಅಂತೀರಿ. ನಾವು ನೀರು ಇಳಿದ ಮೇಲೆ ಕಲ್ಲಂಗಡಿ, ಸೌತೆ ಹಾಕುತ್ತೇವೆ, ಅಪ್ಪ ಅಜ್ಜನ ಕಾಲದಿಂದ. ನಮ್ಮ ಹೊಟ್ಟೆಗಿಂತ ನಿಮ್ಮ ನೇರಳೆ ಹೂ ದೊಡ್ಡದಾ?

ಚಂದ್ರಂಪಳ್ಳಿ
ಯಾರೂ ಹಾಗೆ ಅನ್ನಲಿಲ್ಲ ಅಣ್ಣಾ. ಇನ್ನೂ ಹೇಳಬೇಕೆಂದರೆ ನಿಮ್ಮ ಕಲ್ಲಂಗಡಿ ಪಾತಿ ಇರುವ ಕಡೆಯೇ ಈ ಗಿಡಕ್ಕೆ ಸುಲಭ. ನೀವು ಜಾಲಿ ಕಡಿಯುತ್ತೀರಿ, ಮಣ್ಣು ತೆರೆದಿಡುತ್ತೀರಿ. ಪಾತಿಯಲ್ಲಿ ಕೀಳುತ್ತೀರಿ, ಪಾತಿಗಳ ನಡುವೆ ಬಿಡುತ್ತೀರಿ. ಬೇಸಿಗೆಗೆ ಎಲ್ಲರೂ ಎದ್ದು ಹೋಗುತ್ತೀರಿ, ಮಳೆಗಾಲಕ್ಕೆ ಹೊಳೆ ಬಂದು ಎಲ್ಲಾ ಸಮ ಮಾಡುತ್ತದೆ. ಇದು ಒಂದು ವರ್ಷದ ಗಿಡ, ವರ್ಷ ವರ್ಷ ಹೊಸ ಬಯಲು ಸಿಕ್ಕರೆ ಸಾಕು. ಮರಳಿನ ಲಾರಿ ಹಾಗಲ್ಲ, ಮಣ್ಣಿನ ಜೊತೆ ಬೀಜವನ್ನೂ ಹೊತ್ತೊಯ್ಯುತ್ತದೆ.

ಹೊಳೆ ಕಲ್ಲಂಗಡಿ
ಹಾಂ, ಲಾರಿ ಬಗ್ಗೆ ನನ್ನದೂ ಅದೇ ಮಾತು. ನಮ್ಮ ಪಾತಿ ಮೇಲೆ ಹಾಯಿಸಿಕೊಂಡು ಹೋಗುತ್ತಾರೆ, ಕೇಳಿದರೆ ಹೊಳೆ ನಿಮ್ಮಪ್ಪಂದಾ ಅಂತಾರೆ.

ಜಂಬಿಟ್ಟಿಗೆ
ಬ್ಯಾರೇಜ್ ವಿಷಯ ಯಾಕೆ ಬಿಟ್ಟಿರಿ? ಭೀಮಾಕ್ಕೆ ಮೇಲೆ ಉಜನಿ ಅಣೆಕಟ್ಟು, ಅಫಜಲಪುರ ತಾಲ್ಲೂಕಿನಲ್ಲಿ ಸೊನ್ನ, ಕೆಳಗೆ ಸನ್ನತಿ, ಇನ್ನೂ ಕೆಳಗೆ ಗುರುಸಣಗಿ. ಬ್ಯಾರೇಜಿನ ಹಿಂದೆ ಚಳಿಗಾಲವಿಡೀ ನೀರು ತುಂಬಿ ನಿಲ್ಲಿಸುತ್ತಾರೆ. ಪಾತ್ರ ತೆರೆಯೋದೇ ಫೆಬ್ರವರಿ ಕಳೆದ ಮೇಲೆ. ಆಗ ಮೊಳೆತರೆ ಹೂ ಬಿಡುವ ಮೊದಲೇ ಬಿಸಿಲಿಗೆ ಸಾಯುತ್ತದೆ. ನನ್ನ ಕೇಳಿದರೆ ಮರಳಿಗಿಂತ ಇದೇ ದೊಡ್ಡ ಕಾರಣ.

ತೊಗರಿ ಕಣಜ
ಬ್ಯಾರೇಜ್ ಇಲ್ಲದಿದ್ದರೆ ಮಾರ್ಚಿನಲ್ಲಿ ಕುಡಿಯೋಕೆ ನೀರು ನಿಮ್ಮ ಮಾಂಜ್ರಾದಿಂದ ಕಳಿಸ್ತೀರಾ? ಆ ನೀರು ಹರಿದು ತೆಲಂಗಾಣಕ್ಕೆ ಹೋಗಿ ಗೋದಾವರಿ ಸೇರುತ್ತೆ. ಬೀದರಿನವರು ಭೀಮಾ ಬ್ಯಾರೇಜಿನ ಬಗ್ಗೆ ಮಾತಾಡೋದು ನೋಡಿ ನಗು ಬಂತು.

ಜಂಬಿಟ್ಟಿಗೆ
ಬ್ಯಾರೇಜ್ ಒಡೆಯಿರಿ ಅಂದೆನಾ? ಕಾರಣ ಹೇಳಿದೆ ಅಷ್ಟೇ. ಕಾರಂಜಾದಲ್ಲೂ ನೀರು ಹಿಡಿದಿಡುತ್ತಾರೆ. ಅಲ್ಲಿ ಅಂಚು ಇಳಿಜಾರು ಕಡಿಮೆ, ಸ್ವಲ್ಪ ಸ್ವಲ್ಪವೇ ಸರಿಯುತ್ತಾ ಹೋಗುತ್ತದೆ, ಅದಕ್ಕೇ ಗಿಡ ಉಳಿದಿದೆ. ಬ್ಯಾರೇಜಿನಲ್ಲಿ ಗೇಟು ಎತ್ತಿದರೆ ಒಂದೇ ರಾತ್ರಿಗೆ ಎಲ್ಲಾ ಖಾಲಿ.

ಭೀಮಾತೀರದವ
ನನ್ನ ಫೋಟೋದ ಜಾಗ ಬ್ಯಾರೇಜಿನ ಕೆಳಗೆ ಬರುತ್ತದೆ. ಅಲ್ಲಿ ದಸರಾ ಕಳೆದು ಸ್ವಲ್ಪ ದಿನಕ್ಕೇ ಪಾತ್ರ ಕಾಣುತ್ತದೆ. ಮೇಲಿನ ಭಾಗದಲ್ಲಿ, ನೀರು ನಿಂತಿರುವ ಕಡೆ ಹೋಗಿ ನೋಡಿದೆ, ಗಿಡ ಇಲ್ಲ, ಬರೀ ಆಪು, ಅಂದರೆ ಜೊಂಡು. ಇಬ್ಬರ ಮಾತೂ ಸೇರಿಸಿದರೆ ಲೆಕ್ಕ ಸರಿ ಬರುತ್ತದೆ.

2020ರ ಅಕ್ಟೋಬರ್ ಪ್ರವಾಹದಲ್ಲಿ ನಮ್ಮ ಕಡೆ ಹೊಲಗಳ ಮೇಲೆಲ್ಲ ಹೊಳೆ ಮೆಕ್ಕಲು ಬಂದು ಬಿದ್ದಿತ್ತು. ಆ ಚಳಿಗಾಲ ಹೊಳೆಯಿಂದ ದೂರದ ಹೊಲಗಳಲ್ಲೂ ಇದೇ ಗಿಡ ಎದ್ದಿತ್ತು ಅಂತ ಚಿಕ್ಕಪ್ಪ ಹೇಳುತ್ತಾರೆ. ಅವರ ಪ್ರಕಾರ ಅದೂ ನಾಯಿ ತುಳಸಿನೇ, ಇರಲಿ.

ಗಿಡದ ಮೇಷ್ಟ್ರು
ಚಿಕ್ಕಪ್ಪ ಹೆಸರು ಏನೇ ಹೇಳಲಿ, ಅವರು ಕಂಡದ್ದು ಬೆಲೆಯುಳ್ಳದ್ದು. ಅರ್ಧ ಮಿಲಿಮೀಟರ್ ಬೀಜ ಕೆಸರಿನ ಜೊತೆ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಒದ್ದೆಯಾದಾಗ ಲೋಳೆ ಬಿಡುವುದರಿಂದ ಮಣ್ಣಿಗೆ ಅಂಟಿಕೊಂಡು ಕೂರುತ್ತದೆ, ಮತ್ತೆ ತೊಳೆದು ಹೋಗುವುದು ಕಷ್ಟ. ಇದೇ ಕುಲದ ಸಾಲ್ವಿಯಾ ಈಜಿಪ್ಟಿಯಾಕಾ ರಾಜಸ್ಥಾನ, ಗುಜರಾತಿನ ಒಣ ಮರಳು, ಕಲ್ಲು ನೆಲದಲ್ಲಿ ಬೆಳೆಯುತ್ತದೆ, ಅದರ ಬೀಜಕ್ಕೂ ಇದೇ ಲೋಳೆ. ಬೀಜ ಒಂದೇ ಥರ, ನೆಲ ಮಾತ್ರ ಪೂರ್ತಿ ಬೇರೆ. ಹಿಮಾಲಯದಲ್ಲಿ ಸಾಲ್ವಿಯಾ ಹಿಯಾನ್ಸ್ ಇದೆ, ದೊಡ್ಡ ನೀಲಿ ಹೂ, ಕಾಶ್ಮೀರದ ಎತ್ತರದ ಹುಲ್ಲುಗಾವಲಿನಲ್ಲಿ. ಅದನ್ನು ನೋಡಲು ಜನ ಟ್ರೆಕ್ಕಿಂಗ್ ಹೋಗುತ್ತಾರೆ, ನಮ್ಮದನ್ನು ನೋಡಲು ಚಪ್ಪಲಿ ಬಿಚ್ಚಿ ಕೆಸರಿಗೆ ಇಳಿದರೆ ಸಾಕು.

ಸುಮ್ನೆ ಕೇಳ್ದೆ
ಸರಿ, ನೆಲ ಉಳಿಸಬೇಕು ಅನ್ನೋದು ಅರ್ಥ ಆಯ್ತು. ಆದರೆ ಹೊಳೆ ಪಾತ್ರದ ಹಸಿ ಮಣ್ಣನ್ನು ಯಾವ ಇಲಾಖೆ ಉಳಿಸುತ್ತೆ? ಕಾಡಲ್ಲ, ಹೊಲ ಅಲ್ಲ, ಕೆರೆಯೂ ಅಲ್ಲ. ವರ್ಷದಲ್ಲಿ ಆರು ತಿಂಗಳು ನೀರಡಿ ಇರುತ್ತೆ. ಬೇಲಿ ಹಾಕೋಕೂ ಆಗಲ್ಲ.

ಚಂದ್ರಂಪಳ್ಳಿ
ಮೊದಲ ಸಲ ಒಳ್ಳೆ ಪ್ರಶ್ನೆ ಕೇಳಿದಿರಿ. ಬೇಲಿ ಬೇಡವೇ ಬೇಡ, ಬೇಲಿ ಹಾಕಿದರೆ ಎರಡೇ ವರ್ಷಕ್ಕೆ ಜಾಲಿ ತುಂಬುತ್ತದೆ. ಜಾಲಿ ಕಡಿಯಬೇಕು, ಮರಳಿನ ಗುಂಡಿ ನಿಲ್ಲಬೇಕು, ಅಷ್ಟಾದರೆ ಉಳಿದದ್ದನ್ನು ಹೊಳೆಯೇ ಮಾಡುತ್ತದೆ. ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಹಕ್ಕಿಗಳ ಕಾರಣಕ್ಕೆ ರಕ್ಷಣೆ ಸಿಕ್ಕಿದೆ. ಅಲ್ಲಿ ನೀರು ಸರಿದ ಅಂಚಿನಲ್ಲಿ ಇಂಥ ಗಿಡಗಳ ಬಳಗ ಇಡೀ ಸಿಗುತ್ತದೆ. ಹಕ್ಕಿ ನೋಡುವವರು ದೂರದರ್ಶಕ ಒಮ್ಮೆ ಕೆಳಗಿಟ್ಟು ಕಾಲಡಿ ನೋಡಿದರೆ ಒಳ್ಳೆಯದು.

ಬೋನಾಳ ಬಾತು
ನೋಡುತ್ತೇವೆ ಸ್ವಾಮಿ! ಆದರೆ ಫೆಬ್ರವರಿಯಲ್ಲಿ ಪಟ್ಟೆತಲೆ ಹೆಬ್ಬಾತು ನಿಂತಿರುವಾಗ ಕಾಲಡಿ ನೋಡು ಅಂದರೆ ಹೇಗೆ? ಮುಂದಿನ ಸಲ ಒಂದು ಫೋಟೋ ಗಿಡದ್ದೂ ತೆಗೆಯುತ್ತೇನೆ, ಮಾತು ಕೊಟ್ಟಿದ್ದೇನೆ.

ಗಿಡದ ಮೇಷ್ಟ್ರು
ಒಂದು ಫೋಟೋ ಸಾಲದು. ಇಡೀ ಗಿಡ, ಬುಡದ ಎಲೆ, ಗೊಂಚಲನ್ನು ಪಕ್ಕದಿಂದ, ಸುತ್ತಲಿನ ನೆಲ. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ತಾರೀಖು, ಜಾಗ ಹಾಕಿ ಐನ್ಯಾಚುರಲಿಸ್ಟ್‌ಗೆ (ಗಿಡ, ಪ್ರಾಣಿ ಗುರುತಿಸಿ ದಾಖಲಿಸುವ ಜಾಲತಾಣ) ಏರಿಸಿ. ಕಪ್ಪು ಹಿನ್ನೆಲೆಯಲ್ಲಿ ಹೂ ಒಂದೇ ಕಾಣುವಂಥ ಕಲಾತ್ಮಕ ಫೋಟೋ ಹಾಕಿ ಜಾತಿ ಹೇಳಿ ಅಂದರೆ ನಾನು ಉತ್ತರಿಸಲ್ಲ.

ಮಾಲಿ ಅಕ್ಕ
ಕುಂಡದ ಪ್ರಶ್ನೆ ಎಲ್ಲರೂ ಮರೆತರು. ಹೂ ಬಿಟ್ಟ ಗಿಡ ಕಿತ್ತು ತರಬೇಡಿ, ಬೇರು ಹರಿದು ಮನೆ ಮುಟ್ಟುವಷ್ಟರಲ್ಲಿ ಬಾಡುತ್ತದೆ. ನಾನು ಮಾಡಿದ್ದು ಹೀಗೆ: ಬೀಜ ಬಲಿತ ಒಂದು ಒಣ ಗೊಂಚಲು ತಂದು ಕಾಗದದ ಕವರಿನಲ್ಲಿಟ್ಟೆ. ಚಳಿ ಶುರುವಾದಾಗ ಮೆಕ್ಕಲು ಮಣ್ಣು ತುಂಬಿದ ಅಗಲದ ಕುಂಡದ ಮೇಲೆ ಉದುರಿಸಿದೆ, ಮೇಲೆ ಮಣ್ಣು ಮುಚ್ಚಲಿಲ್ಲ. ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದ ನೀರು ಹೀರುವಂತೆ ಬಿಟ್ಟೆ. ಚೆನ್ನಾಗಿ ಬಂತು. ಮಾರ್ಚ್ ಕೊನೆಗೆ ಸತ್ತಿತು, ಅದು ಅದರ ಸ್ವಭಾವ. ಗೊಬ್ಬರ ಹಾಕಬೇಡಿ, ಎಲೆ ಮಾತ್ರ ದೊಡ್ಡದಾಗುತ್ತದೆ.

ಹೂವಿಗೆ ತೀರಾ ಸಣ್ಣ ಜೇನುಹುಳ ಬರುತ್ತವೆ, ಬೆಳಗ್ಗೆ ಹತ್ತರ ಒಳಗೆ. ಅದಕ್ಕೋಸ್ಕರವಾದರೂ ಒಂದು ಕುಂಡ ಇಡಬಹುದು.

ಕಾಗಿಣಾ ಕಾಗೆ
ಅಕ್ಕಾ, ರೋಸ್‌ಮೇರಿಗೂ ತಟ್ಟೆ ಉಪಾಯ ಆಗುತ್ತಾ?

ಮಾಲಿ ಅಕ್ಕ
ಅಯ್ಯೋ ಬೇಡ. ಅದಕ್ಕೆ ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಬಹುಶಃ ನಿಮ್ಮದು ಸತ್ತಿದ್ದು ಬಿಸಿಲಿಗಲ್ಲ, ಬಿಸಿಲು ಅಂತ ಹೆದರಿ ದಿನಾ ಎರಡು ಹೊತ್ತು ನೀರು ಹೊಯ್ದಿರುತ್ತೀರಿ.

ಕಾಗಿಣಾ ಕಾಗೆ
ಮೂರು ಹೊತ್ತು.

ಭೀಮಾತೀರದವ
ಬೀಜದ ವ್ಯಾಪಾರಿ ಇವತ್ತು ಮತ್ತೆ ಬಂದಿದ್ದ. ಚಿಯಾ ಕಾಳು, ಈ ಬೀಜ ಎರಡನ್ನೂ ಬಿಳಿ ಹಾಳೆ ಮೇಲೆ ಇಟ್ಟು ಹುಡುಗರ ಮುಂದೆ ತೋರಿಸಿದೆ. "ಕಾಡಿಂದು ಸಣ್ಣದೇ ಇರುತ್ತೆ" ಅಂದ. ಒಂದು ಲೋಟ ತುಂಬಿಸೋಕೆ ಎಷ್ಟು ದಿನ ಬೇಕು ಅಂತ ಒಬ್ಬ ಹುಡುಗ ಕೇಳಿದ. ಉತ್ತರ ಕೊಡದೆ ಸಬ್ಜಾ ಇದ್ದರೂ ತೊಗೋತೀನಿ ಅಂತ ಹೇಳಿ ಹೋದ.

ದವಾಖಾನೆ ಡ್ಯೂಟಿ
ನೋಡಿ, ಬೆರಕೆಯ ದಾರಿ ಅಲ್ಲೇ ಇದೆ.

ಬೋನಾಳ ಬಾತು
ಭಾನುವಾರ ಮಳಖೇಡ ಕಡೆ ಯಾರು ಬರ್ತೀರಿ? ಕಾಗಿಣಾ ದಂಡೆಯಲ್ಲಿ ಎಷ್ಟು ಉಳಿದಿದೆ ಅಂತ ನಡೆದು ನೋಡೋಣ. ಕಲಬುರಗಿಯಿಂದ ಬೆಳಗ್ಗೆ ಆರಕ್ಕೆ ಹೊರಟರೆ ಬಿಸಿಲು ಏರುವ ಮೊದಲು ವಾಪಸ್. ಭೂತಗನ್ನಡಿ ಇರುವವರು ತನ್ನಿ, ನೀರು ಎಲ್ಲರೂ ತನ್ನಿ. ತಿಂಡಿ ಸೇಡಂ ರಸ್ತೆಯಲ್ಲಿ.

ತೊಗರಿ ಕಣಜ
ತಿಂಡಿ ಸುಸಲಾ ಮಿರ್ಚಿ ಆದರೆ ನಾನು ಬರ್ತೀನಿ. ಕೇಸರ ಎಣಿಸೋಕೆ ಹೇಳಬೇಡಿ.

ಸುಮ್ನೆ ಕೇಳ್ದೆ
ಗಾಡಿಯಲ್ಲಿ ಒಂದು ಸೀಟು ಖಾಲಿ ಇದೆಯಾ?